ಸಿ ಕಲಿತ ಮೇಲೇ ಸಿ++ ಕಲಿಯಬೇಕಾ? ತುಮಕೂರಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಎಸ್.ಎಸ್. ಪುರಂನ ನಮ್ಮ ಮನೆ ಮಹಡಿಗೆ ಏಳೆಂಟು ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಇಂಜಿನಿಯರಿಂಗ್‌ನವರು, ಬಿಸಿಎಯವರು, ಡಿಪ್ಲೊಮಾದವರು ಎಲ್ಲರೂ ಇದ್ದಾರೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಿಗೆ ಬರುವವರೂ ಇದ್ದಾರೆ. ಉಳಿದ ದಿನ ನಾನು ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿ ನನ್ನ ಕೆಲಸವೂ ಸಿ++ನಲ್ಲೇ. ಸಿ, ಸಿ++ ಎರಡೂ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆಗಳು. ರೈಲಿನಲ್ಲಿ ಸಿಕ್ಕ ಪರಿಚಯದವರು, ಮಕ್ಕಳ ಅಪ್ಪ ಅಮ್ಮಂದಿರು, ಮನೆಗೆ ಬರುವ ಮಕ್ಕಳು, ಎಲ್ಲರದ್ದೂ ಸುತ್ತಿ ಬಳಸಿ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಮತ್ತೆ ಮತ್ತೆ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಅಕ್ಕ, ಸುತ್ತಿ ಬಳಸಬೇಡಿ. ಸಿ ಮೊದಲು ಕಲಿಯಲೇಬೇಕಾ?

ಬೇಡ. ನಿಮಗೆ ಬೇಕಾಗಿರುವುದು ಸಿ++ ಆದರೆ ಸಿ++ನಿಂದಲೇ ಶುರು ಮಾಡಿ. ಸಿ ಬೇಕಾಗಿದ್ದರೆ ಸಿ ಕಲಿಯಿರಿ. ಒಂದು ಇನ್ನೊಂದಕ್ಕೆ ಮೆಟ್ಟಿಲು ಅಲ್ಲ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಸಿ++ ಮಾಡಿದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರೇ ಎಷ್ಟೋ ವರ್ಷದಿಂದ ಇದೇ ಮಾತು ಹೇಳುತ್ತಾ ಬಂದಿದ್ದಾರೆ. ನಮ್ಮ ರಾಜ್ಯದಲ್ಲೂ ಉದಾಹರಣೆ ಇದೆ. ಕೆಲವು ವರ್ಷಗಳ ಹಿಂದಿನ ತನಕ ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ++ ಇತ್ತು. ಅದರ ಮುಂಚೆ ಸಿ ಮುಖವನ್ನೇ ನೋಡದ ಮಕ್ಕಳು ನೇರವಾಗಿ ಸಿ++ ಪ್ರೋಗ್ರಾಂ ಬರೆದು ಪಾಸಾಗಿದ್ದಾರೆ.

ಮತ್ತೆ ಎಲ್ಲರೂ "ಸಿ ಬಂದರೆ ಸಿ++ ತಾನಾಗಿ ಬರುತ್ತೆ" ಅಂತಾರಲ್ಲ?

ಆ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. 1972ರ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದರು. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬರೆಯೋಕೆ ಒಂದು ಭಾಷೆ ಬೇಕಿತ್ತು, ಅದಕ್ಕೆ. ಅದೇ ಬೆಲ್ ಲ್ಯಾಬ್ಸ್‌ನಲ್ಲಿ 1979ರಲ್ಲಿ ಸ್ಟ್ರೌಸ್ಟ್ರುಪ್ ಸಿ ಮೇಲೆ ಕ್ಲಾಸ್‌ಗಳನ್ನು (ಮಾಹಿತಿ, ಅದರ ಮೇಲೆ ಕೆಲಸ ಮಾಡುವ ಫಂಕ್ಷನ್ ಎರಡನ್ನೂ ಒಟ್ಟಿಗೆ ಕಟ್ಟುವ ರೀತಿ) ಕೂರಿಸಲು ಶುರು ಮಾಡಿದರು. 1983ರಲ್ಲಿ ಅದಕ್ಕೆ ಸಿ++ ಅಂತ ಹೆಸರಾಯಿತು. 1985ರಲ್ಲಿ ಎಲ್ಲರ ಕೈಗೆ ಸಿಕ್ಕಿತು. ಆವತ್ತು ಸಿ++ ಹತ್ತಿರ ಬಂದವರಲ್ಲಿ ಹೆಚ್ಚಿನವರು ಸಿ ಬಲ್ಲವರೇ. ಅವರಿಗೆ ಪಾಠ ಹೇಳುವಾಗ "ನಿಮಗೆ ಸಿ ಗೊತ್ತಿದೆಯಲ್ಲ, ಅದರ ಮೇಲೆ ಇಷ್ಟು" ಅಂತ ಶುರು ಮಾಡುವುದೇ ಸುಲಭದ ದಾರಿ.

ಆಮೇಲೆ ಭಾಷೆ ಬೆಳೆಯಿತು. 1998ರ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಭಾಷೆಯ ಅಧಿಕೃತ ನಿಯಮದಲ್ಲಿ, ಸ್ಟ್ರಿಂಗ್ (ಪಠ್ಯ ಇಡಲು), ವೆಕ್ಟರ್ (ಬೇಕಾದಷ್ಟು ಬೆಳೆಯುವ ಪಟ್ಟಿ), ಸಾರ್ಟ್ (ಕ್ರಮವಾಗಿ ಜೋಡಿಸಲು) ಎಲ್ಲ ಒಳಗೇ ಬಂದವು. 2011ರ ಸ್ಟ್ಯಾಂಡರ್ಡ್ ಬಂದ ಮೇಲಂತೂ ಸಿ++ ಬರೆಯುವ ರೀತಿಯೇ ಬದಲಾಯಿತು. ಪಾಠ ಹೇಳುವ ರೀತಿ ಮಾತ್ರ ನಮ್ಮ ಕಡೆ 1985ರಲ್ಲೇ ನಿಂತಿದೆ. ನನಗೆ ನಿಜಕ್ಕೂ ಬೇಜಾರಾಗುವುದು ಇದಕ್ಕೇ.

ಸರಿ, ಸಿ ಮೊದಲು ಕಲಿತರೆ ನಷ್ಟ ಏನು? ಜಾಸ್ತಿ ಕಲಿತ ಹಾಗೇ ಆಯ್ತಲ್ವಾ?

ಸಿ ಕಲಿತರೆ ನಷ್ಟ ಇಲ್ಲ. ಸಿ++ ಫೈಲಿನೊಳಗೆ ಕುಳಿತು ಸಿ ಬರೆಯುವ ಅಭ್ಯಾಸ ಬಿದ್ದರೆ ನಷ್ಟ. ಹೋದ ವರ್ಷ ನಮ್ಮ ಮಹಡಿ ಮೇಲೆ ನಡೆದದ್ದನ್ನೇ ಹೇಳುತ್ತೇನೆ.

ಬಿಸಿಎ ಓದುವ ಒಬ್ಬ ಹುಡುಗಿ ಚಿಕ್ಕ ಪ್ರೋಗ್ರಾಂ ಬರೆದುಕೊಂಡು ಬಂದಿದ್ದಳು. ಊರಿನ ಹೆಸರು ಕೇಳುತ್ತದೆ, ಎಷ್ಟು ಊರು ಆಯ್ತು ಅಂತ ಎಣಿಸುತ್ತದೆ, ಅಷ್ಟೇ. ಕಂಪೈಲ್ ಮಾಡಿದ್ದು (ಕಂಪ್ಯೂಟರ್ ಓಡಿಸುವ ರೂಪಕ್ಕೆ ತಂದದ್ದು) ಸಿ++ನಲ್ಲಿ, ಆದರೆ ಬರೆದಿದ್ದು ಪೂರ್ತಿ ಸಿ ಶೈಲಿಯಲ್ಲಿ. ಊರಿನ ಹೆಸರಿಗೆ 10 ಅಕ್ಷರದ ಅರೇ, ಅಂದರೆ ಸಾಲಾಗಿ 10 ಅಕ್ಷರಕ್ಕೆ ಮಾತ್ರ ಜಾಗ. ಟೈಪ್ ಮಾಡಿದ್ದನ್ನು ಓದಲು ಸಿನ ಸ್ಕ್ಯಾನ್‌ಎಫ್ ಫಂಕ್ಷನ್.

ಇಂಗ್ಲಿಷ್ ಅಕ್ಷರದಲ್ಲಿ ಗುಬ್ಬಿ ಅಂತ ಟೈಪ್ ಮಾಡಿದಳು. 5 ಅಕ್ಷರ, ಸರಿಹೋಯಿತು. ತಿಪಟೂರು, 6. ಅದೂ ಸರಿ. ಮಧುಗಿರಿ, 9. ಸಿನಲ್ಲಿ ಪ್ರತಿ ಹೆಸರಿನ ಕೊನೆಗೂ "ಇಲ್ಲಿಗೆ ಮುಗಿಯಿತು" ಅನ್ನುವ ಒಂದು ಸೊನ್ನೆ ಕೂರುತ್ತದೆ. 9ಕ್ಕೆ 1 ಸೇರಿ ಸರಿಯಾಗಿ 10. ಮನೆ ತುಂಬಿತು, ಆದರೂ ಸರಿ. ಅಲ್ಲಿಗೆ ಎಣಿಕೆ 3 ಆಗಿತ್ತು.

ಆಮೇಲೆ ಕೊರಟಗೆರೆ ಅಂತ ಹೊಡೆದಳು. 10 ಅಕ್ಷರ. ಹೆಸರು ಪೂರ್ತಿ ಕೂತಿತು, ಕೊನೆಯ ಸೊನ್ನೆಗೆ ಜಾಗ ಇರಲಿಲ್ಲ. ಅದು ಪಕ್ಕದ ಮನೆಗೆ ಹೋಗಿ ಕೂತಿತು. ಆ ಪಕ್ಕದ ಮನೆಯಲ್ಲಿದ್ದದ್ದು ಎಣಿಕೆಯ ವೇರಿಯಬಲ್. 3 ಇದ್ದದ್ದು 0 ಆಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಪ್ರೋಗ್ರಾಂ ಆರಾಮಾಗಿ ಓಡುತ್ತಿದೆ. ಆ 0ಗೆ 1 ಸೇರಿ, 4 ಬರಬೇಕಾದ ಕಡೆ 1 ಬಂತು. "ಅಕ್ಕ, ನಾನು ಪ್ಲಸ್ ಪ್ಲಸ್ ಸರಿಯಾಗೇ ಹಾಕಿದ್ದೀನಿ, ನೋಡಿ" ಅಂತ ಅವಳು ಎಣಿಸುವ ಸಾಲನ್ನೇ ತೋರಿಸುತ್ತಿದ್ದಳು. ಆ ಸಾಲು ಸರಿಯಾಗೇ ಇತ್ತು. ಒಂದೂವರೆ ಗಂಟೆ ಅವಳು ತಪ್ಪಿಲ್ಲದ ಜಾಗದಲ್ಲಿ ತಪ್ಪು ಹುಡುಕಿದ್ದಳು. ಇನ್ನೊಂದು ಕಂಪ್ಯೂಟರ್‌ನಲ್ಲಿ ಓಡಿಸಿದ್ದರೆ ಇದೇ ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟು ಸುಮ್ಮನಿರುತ್ತಿತ್ತೋ ಏನೋ, ಅಥವಾ ಪೂರ್ತಿ ನಿಂತುಹೋಗುತ್ತಿತ್ತೋ ಏನೋ. ಇಂಥ ತಪ್ಪಿನ ಕಷ್ಟವೇ ಅದು. ಚಿಕ್ಕನಾಯಕನಹಳ್ಳಿ ಅಂತ ಹೊಡೆದಿದ್ದರೆ 19 ಅಕ್ಷರ, ಸೊನ್ನೆ ಸೇರಿ 20.

ಆ ಅರೇ ತೆಗೆದು ಒಂದು ಸ್ಟ್ರಿಂಗ್ ಹಾಕಿ, ಸ್ಕ್ಯಾನ್‌ಎಫ್ ಬದಲು ಸಿ++ನ ಸಿ-ಇನ್‌ನಿಂದ ಓದಿಸಿದೆವು. ಎರಡು ಸಾಲು ಬದಲಾಯಿತು. ಗುಬ್ಬಿಗೆ ಎಷ್ಟು ಬೇಕೋ ಅಷ್ಟು ಜಾಗ, ಚಿಕ್ಕನಾಯಕನಹಳ್ಳಿಗೆ ಎಷ್ಟು ಬೇಕೋ ಅಷ್ಟು. ಜಾಗ ಅಳೆದು ಕೊಡುವುದು ಸ್ಟ್ರಿಂಗ್‌ನ ಕೆಲಸ, ನಮ್ಮದಲ್ಲ.

ಆ ಹುಡುಗಿ ದಡ್ಡಿ ಅಲ್ಲ, ತುಂಬಾ ಚುರುಕು. ಪ್ರೋಗ್ರಾಮಿಂಗ್‌ಗೆ ಕಾಲಿಟ್ಟ ಮೊದಲ ತಿಂಗಳೇ ಅವಳಿಗೆ ಇಷ್ಟು ಸೂಕ್ಷ್ಮದ ವಿಷಯ ಎದುರಾಗುವ ಹಾಗೆ ಮಾಡಿದ್ದು ನಾವು, ಕಲಿಸುವವರು. ಮೊದಲ ತಿಂಗಳು ಮಕ್ಕಳು ಯೋಚಿಸಬೇಕಾಗಿರುವುದು ಲೆಕ್ಕವನ್ನು ಹೇಗೆ ಬಿಡಿಸುವುದು ಅಂತ. ಸೊನ್ನೆ ಎಲ್ಲಿ ಕೂತಿತು ಅಂತ ಅಲ್ಲ.

ಸಿ++ ಅಂದರೆ ಸಿ ಜೊತೆಗೆ ಇನ್ನೊಂದಿಷ್ಟು, ಅಷ್ಟೇ ಅಲ್ವಾ?

ಹತ್ತಿರ ಇದೆ, ಆದರೆ ಅಷ್ಟೇ ಅಲ್ಲ. ಸಿನಲ್ಲಿ ಸರಿಯಾಗಿ ಓಡುವ ಎಷ್ಟೋ ಪ್ರೋಗ್ರಾಂಗಳನ್ನು ಸಿ++ ಕಂಪೈಲರ್ ಒಪ್ಪುವುದೇ ಇಲ್ಲ. ಸಿನಲ್ಲಿ ಮ್ಯಾಲಾಕ್ (ಮೆಮೊರಿಯಲ್ಲಿ ಜಾಗ ಕೇಳುವ ಫಂಕ್ಷನ್) ಕೊಟ್ಟ ವಿಳಾಸವನ್ನು ನೇರವಾಗಿ ಇಂಟ್ ಪಾಯಿಂಟರ್‌ಗೆ, ಅಂದರೆ ಒಂದು ಪೂರ್ಣಾಂಕದ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್‌ಗೆ, ಹಾಕಬಹುದು. ಸಿ++ನಲ್ಲಿ ಅದು ಎರರ್. ಸಿನಲ್ಲಿ ನ್ಯೂ, ಕ್ಲಾಸ್ ಅಂತೆಲ್ಲ ವೇರಿಯಬಲ್‌ಗೆ ಹೆಸರಿಡಬಹುದು, ಸಿ++ನಲ್ಲಿ ಆಗಲ್ಲ. ಸಿಂಗಲ್ ಕೋಟ್‌ನೊಳಗೆ ಬರೆದ ಅಕ್ಷರದ ಸೈಜ್ ಕೇಳಿ ನೋಡಿ. ಸಿನಲ್ಲಿ ಇಂಟ್‌ನ ಸೈಜ್, ಅಂದರೆ ಇವತ್ತಿನ ಕಂಪ್ಯೂಟರ್‌ನಲ್ಲಿ 4 ಬರುತ್ತದೆ. ಸಿ++ನಲ್ಲಿ 1. ಸಿ ಕೂಡ ಸುಮ್ನೆ ಕೂತಿಲ್ಲ, 1999, 2011 ಅಂತ ತನ್ನದೇ ದಾರಿಯಲ್ಲಿ ಬೆಳೆಯುತ್ತಾ ಬಂದಿದೆ. ಅಣ್ಣ ತಮ್ಮ ಬೇರೆ ಮನೆ ಮಾಡಿ ಎಷ್ಟೋ ವರ್ಷ ಆಯಿತು.

ನಮ್ಮ ಕಾಲೇಜಿನಲ್ಲಿ ಮೊದಲ ವರ್ಷವೇ ಸಿ ಇದೆಯಲ್ಲ, ಏನು ಮಾಡೋಣ?

ಚೆನ್ನಾಗಿ ಓದಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಳಗಿನ ಕಾಲೇಜುಗಳಲ್ಲಿ ಮೊದಲ ವರ್ಷ ಸಿ ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳುವ ಅಗತ್ಯವೇ ಇಲ್ಲ. ಸಿ ಒಳ್ಳೆಯ ಭಾಷೆ. ಚಿಕ್ಕದು, ಮೊದಲ ಸ್ಟ್ಯಾಂಡರ್ಡ್‌ನಲ್ಲಿ ಅದಕ್ಕಿದ್ದದ್ದು 32 ಕೀವರ್ಡ್ (ಭಾಷೆ ತನಗೇ ಕಾಯ್ದಿಟ್ಟುಕೊಂಡ ಪದ) ಅಷ್ಟೇ. ಲೂಪ್, ಫಂಕ್ಷನ್, ಇಫ್ ಎಲ್ಲವೂ ಸಿ++ನಲ್ಲೂ ಹಾಗೇ ಕೆಲಸಕ್ಕೆ ಬರುತ್ತವೆ.

ನನ್ನ ಬೇಡಿಕೆ ಒಂದೇ. ಸಿ++ಗೆ ಬಂದ ದಿನ ಹೊಸ ನೋಟ್‌ಬುಕ್ ತೆಗೆಯಿರಿ. "ಇದನ್ನು ಸಿನಲ್ಲಿ ಹೀಗೆ ಮಾಡ್ತಿದ್ದೆ" ಅನ್ನುವ ಕಡೆಯಲ್ಲೆಲ್ಲ ನಿಂತು, ಸಿ++ನಲ್ಲಿ ಅದಕ್ಕೆ ಬೇರೆ ದಾರಿ ಇದೆಯಾ ಅಂತ ನೋಡಿ. ಅರೇ ಬದಲು ವೆಕ್ಟರ್. ಅಕ್ಷರದ ಅರೇ ಬದಲು ಸ್ಟ್ರಿಂಗ್. ಬಬಲ್ ಸಾರ್ಟ್ ಪರೀಕ್ಷೆಗೆ ಇರಲಿ, ಕೆಲಸಕ್ಕೆ ಸಾರ್ಟ್ ಫಂಕ್ಷನ್ ಕರೆಯಿರಿ.

ಲ್ಯಾಬಿನಲ್ಲಿ ಇನ್ನೂ ನೀಲಿ ಪರದೆಯ ಟರ್ಬೊ ಸಿ ಇದೆ. ಅದರಲ್ಲೇ ಅಭ್ಯಾಸ ಮಾಡಬಹುದಾ?

ಮನೆಯಲ್ಲಂತೂ ಬೇಡ. ಟರ್ಬೊ ಸಿ ಅನ್ನುವ ಆ ಕಂಪೈಲರ್ ಬಂದದ್ದು 1987ರಲ್ಲಿ, ಡಾಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲಕ್ಕೆ. ಟರ್ಬೊ ಸಿ++ ಬಂದದ್ದು 1990ರಲ್ಲಿ, ಅಂದರೆ ಸಿ++ನ ಮೊದಲ ಸ್ಟ್ಯಾಂಡರ್ಡ್‌ಗಿಂತ 8 ವರ್ಷ ಮುಂಚೆ. ಅದರಲ್ಲಿ ಇವತ್ತಿನ ಸಿ++ ಇರಲು ಹೇಗೆ ಸಾಧ್ಯ? ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್, ವಾಯ್ಡ್ ಮೇನ್ ಇವೆಲ್ಲ ಅಲ್ಲಿ ಕಲಿತು ಬಂದ ಅಭ್ಯಾಸ. ಹೊರಗೆ ಬಂದರೆ ಕೆಲಸಕ್ಕೆ ಬರಲ್ಲ.

ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಇಂಟ್ ಇಟ್ಟುಕೊಂಡು ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯ ತನಕ ಎಲ್ಲವನ್ನೂ ಗುಣಿಸುವ ಲೆಕ್ಕ) ಬರೆಯಿರಿ. ಟರ್ಬೊ ಸಿನಲ್ಲಿ 7ಕ್ಕೆ 5040 ಸರಿಯಾಗಿ ಬರುತ್ತದೆ. 8ಕ್ಕೆ 40320 ಬರಬೇಕು, ಆದರೆ ಮೈನಸ್ 25216 ಬರುತ್ತದೆ. ಯಾಕೆಂದರೆ ಅಲ್ಲಿ ಇಂಟ್‌ಗೆ 2 ಬೈಟ್ ಜಾಗ, 32767ಕ್ಕಿಂತ ಮೇಲೆ ಹಿಡಿಯುವುದಿಲ್ಲ. ಅದೇ ಪ್ರೋಗ್ರಾಂ ಇವತ್ತಿನ ಜಿಸಿಸಿ ಕಂಪೈಲರ್‌ನಲ್ಲಿ 12ರ ತನಕ ಸರಿಯಾಗಿ ಹೋಗಿ 13ಕ್ಕೆ ತಪ್ಪುತ್ತದೆ, ಅಲ್ಲಿ ಇಂಟ್‌ಗೆ 4 ಬೈಟ್. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು. ಮೈನಸ್ ಯಾಕೆ ಬಂತು ಅಂತ ಹಠ ಹಿಡಿದು ಕೂತವರು ಎರಡು ಭಾನುವಾರ ಬೈನರಿ ಬಿಟ್ಟು ಬೇರೆ ಮಾತಾಡಲಿಲ್ಲ.

ಜಿಸಿಸಿ ಪುಕ್ಕಟೆ. ವಿಂಡೋಸ್‌ನಲ್ಲೂ ಹಾಕಿಕೊಳ್ಳಬಹುದು, ಲಿನಕ್ಸ್‌ನಲ್ಲಂತೂ ಒಂದು ಸಾಲಿನ ಕಮಾಂಡ್. ವಾರ್ನಿಂಗ್ ಎಲ್ಲ ತೋರಿಸು ಅನ್ನುವ ಆಯ್ಕೆ ಹಾಕಿಯೇ ಕಂಪೈಲ್ ಮಾಡಿ. ಲಿನಕ್ಸ್ ಇದ್ದರೆ ಅಡ್ರೆಸ್ ಸ್ಯಾನಿಟೈಜರ್ ಅನ್ನುವ ಆಯ್ಕೆಯನ್ನೂ ಸೇರಿಸಿ. ಮೇಲಿನ ಕೊರಟಗೆರೆ ತಪ್ಪನ್ನು ಅದು ಕ್ಷಣದಲ್ಲಿ ಹಿಡಿದು ತೋರಿಸುತ್ತದೆ.

ಪಾಯಿಂಟರ್ ಬರದೆ ಪ್ರೋಗ್ರಾಮರ್ ಆಗೋಕೆ ಆಗುತ್ತಾ? ಅದಕ್ಕೆ ಸಿ ಬೇಡ್ವಾ?

ಪಾಯಿಂಟರ್ ಬೇಕು. ಮೆಮೊರಿ ಅಂದರೆ ಏನು, ವಿಳಾಸ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸಿ++ ಪೂರ್ತಿ ಕೈಗೆ ಬರುವುದಿಲ್ಲ. ಆದರೆ ಅದು ಮೊದಲ ಪಾಠ ಆಗಬೇಕಿಲ್ಲ. ನಾನು ನಾಲ್ಕನೇ ತಿಂಗಳು ಹೇಳಿಕೊಡುತ್ತೇನೆ. ಅಷ್ಟು ಹೊತ್ತಿಗೆ ಅವರು ವೆಕ್ಟರ್ ಬಳಸಿ ಬಳಸಿ "ಇದರೊಳಗೆ ಏನು ನಡೀತಿದೆ?" ಅಂತ ತಾವೇ ಕೇಳಿರುತ್ತಾರೆ. ಆಗ ಒಳಗಿನ ಪಾಯಿಂಟರ್ ತೋರಿಸಿದರೆ ತಲೆಗೆ ನೆಟ್ಟಗೆ ಹೋಗುತ್ತದೆ.

ನಾನು ಕಲಿತದ್ದು ಉಲ್ಟಾ ದಾರಿಯಲ್ಲಿ. ಕಾಲೇಜಿನಲ್ಲಿ ಸಿ, ಆಮೇಲೆ ಮೊದಲ ಕೆಲಸದಲ್ಲಿ ಸಿ++. ಒಂದು ಕಾರ್ಖಾನೆಯ ಯಂತ್ರಗಳಿಂದ ಲೆಕ್ಕ ತೆಗೆದುಕೊಳ್ಳುವ ಪ್ರೋಗ್ರಾಂ ಬರೆದಿದ್ದೆ. ಶುರುವಿನಲ್ಲಿ ಜಾಗ ಕೇಳು, ಕೊನೆಯಲ್ಲಿ ವಾಪಸ್ ಕೊಡು, ಸಿನಲ್ಲಿ ಕಲಿತ ಹಾಗೆ. ಆರು ತಿಂಗಳ ಮೇಲೆ ಬೇರೆ ಒಂದು ಕಾರಣಕ್ಕೆ ಮಧ್ಯದಲ್ಲಿ ಒಂದು ಇಫ್ ಸೇರಿಸಿ ರಿಟರ್ನ್ ಹಾಕಿದೆ. ಯಂತ್ರ ಉತ್ತರ ಕೊಡದಿದ್ದರೆ ಅಲ್ಲಿಂದಲೇ ವಾಪಸ್. ಕೊನೆಯ ಸಾಲಿಗೆ ಹೋಗುವುದೇ ಇಲ್ಲ, ಜಾಗ ವಾಪಸ್ ಕೊಡುವುದೂ ಇಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೆಮೊರಿ ತಿಂದು ವಾರಕ್ಕೊಮ್ಮೆ ಕಂಪ್ಯೂಟರ್ ನಿಲ್ಲುತ್ತಿತ್ತು. ಅಲ್ಲಿನ ಆಪರೇಟರ್ ಒಬ್ಬರು ಪ್ರತಿ ಸೋಮವಾರ ಬೆಳಿಗ್ಗೆ ಬೇಗ ಬಂದು ರೀಸ್ಟಾರ್ಟ್ ಮಾಡುತ್ತಿದ್ದರಂತೆ. ನನಗೆ ಅದು ಗೊತ್ತಾದದ್ದು ಎರಡು ತಿಂಗಳ ಮೇಲೆ. ಅವರಿಗೆ ಕೊಟ್ಟ ತೊಂದರೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಯೂನಿಕ್ ಪಾಯಿಂಟರ್ ಅಥವಾ ಸುಮ್ನೆ ಒಂದು ವೆಕ್ಟರ್ ಬಳಸಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ಫಂಕ್ಷನ್‌ನಿಂದ ಯಾವ ಬಾಗಿಲಿನಿಂದ ಹೊರಗೆ ಹೋದರೂ ಅವು ತಾವೇ ಜಾಗ ವಾಪಸ್ ಕೊಡುತ್ತವೆ. ಸಿ++ನ ಜೀವಾಳ ಇರುವುದು ಇಲ್ಲಿ. ಸಿ ಕಣ್ಣಿನಲ್ಲಿ ನೋಡಿದವರಿಗೆ ಇದು ಕಾಣಲು ತಡವಾಗುತ್ತದೆ. ನನಗೆ ಎರಡು ವರ್ಷ ಹಿಡಿಯಿತು.

ಯಾರೂ ಸಿ ಮೊದಲು ಕಲಿಯಬಾರದು ಅಂತನಾ?

ಹಾಗಲ್ಲ. ಎಂಬೆಡೆಡ್ ಕೆಲಸಕ್ಕೆ, ಅಂದರೆ ಯಂತ್ರದೊಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ, ಹೋಗುವವರಿಗೆ ಸಿ ಬೇಕೇ ಬೇಕು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಕಂಟ್ರೋಲರ್ ಜೊತೆ ಕೆಲಸ ಮಾಡಬೇಕು ಅನ್ನುವ ಡಿಪ್ಲೊಮಾ ಹುಡುಗರಿಗೆ ನಾನೇ ಸಿ ಕಲಿಯಿರಿ ಅಂತೀನಿ. ಲಿನಕ್ಸ್‌ನ ತಿರುಳಾದ ಕರ್ನಲ್ ಇವತ್ತಿಗೂ ಬಹುಪಾಲು ಸಿ. ಪೈಥಾನ್‌ನ ಮುಖ್ಯ ಇಂಟರ್‌ಪ್ರಿಟರ್, ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್, ನಿಮ್ಮ ಫೋನಿನೊಳಗಿರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಎಲ್ಲ ಸಿನಲ್ಲೇ ಬರೆದದ್ದು.

ಆರ್ಡುಯಿನೊ ಅನ್ನುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡಿನದ್ದು ಸ್ವಲ್ಪ ಬೇರೆ ಕತೆ. ಅದಕ್ಕೆ ಬರೆಯುವುದು ಸಿ++ನಲ್ಲೇ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಯುನೊ ಆರ್3 ಬೋರ್ಡಿನಲ್ಲಿ ಇರುವುದು 2 ಕಿಲೊಬೈಟ್ ಮೆಮೊರಿ. ವೆಕ್ಟರ್ ಅಲ್ಲಿ ಸಿಗುವುದಿಲ್ಲ. ಇಂಟ್ ಕೂಡ ಟರ್ಬೊ ಸಿ ಹಾಗೆ 2 ಬೈಟ್. ಫ್ಯಾಕ್ಟೋರಿಯಲ್ 8ಕ್ಕೆ ಅಲ್ಲೂ ಅದೇ ಮೈನಸ್ 25216.

ಕನ್ನಡ ಮೀಡಿಯಂನಿಂದ ಬಂದವರಿಗೆ ಯಾವುದು ಸುಲಭ?

ಮೀಡಿಯಂಗೂ ಭಾಷೆ ಆರಿಸುವುದಕ್ಕೂ ಸಂಬಂಧ ಇಲ್ಲ. ಕಷ್ಟ ಆಗುವುದು ಎರರ್ ಮೆಸೇಜ್ ಓದುವುದು. ಸಿ++ನ ಎರರ್ ಕೆಲವೊಮ್ಮೆ ಒಂದು ಪುಟ ಬರುತ್ತದೆ, ಅದು ನಿಜ. ಎಲ್ಲ ಓದಬೇಡಿ. ಮೊದಲ ಎರರ್, ಅದರ ಸಾಲಿನ ನಂಬರ್ ಅಷ್ಟು ನೋಡಿ, ಅದನ್ನು ಸರಿ ಮಾಡಿ ಮತ್ತೆ ಕಂಪೈಲ್ ಮಾಡಿ. ಮಿಕ್ಕಿದ್ದು ಎಷ್ಟೋ ಸಲ ತಾನೇ ಹೋಗಿರುತ್ತದೆ. ಪಾಠವನ್ನು ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಜೊತೆಯವರಿಗೆ ಹೇಳಿ.

ಪ್ರೋಗ್ರಾಂಗೆ ಕನ್ನಡ ಹೆಸರು ಕೊಟ್ಟರೆ ಉದ್ದ ತಪ್ಪು ತೋರಿಸುತ್ತೆ, ಯಾಕೆ?

ತಪ್ಪಲ್ಲ, ಅದು ಬೈಟ್ ಎಣಿಸುತ್ತಿದೆ. ತುಮಕೂರು ಅಂತ ಕನ್ನಡದಲ್ಲಿ ಬರೆದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕೊಂಬು, ದೀರ್ಘದ ಕೊಂಬು ಬೇರೆ ಬೇರೆಯಾಗಿ ಸೇರಿ 7. ಅದನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಸಿ, ಸಿ++ ಎರಡೂ 21 ಅಂತಲೇ ಹೇಳುತ್ತವೆ.

ಬೇರೆ ಭಾಷೆಗಳಿಗೂ ಇದೇ ಮಾತಾ?

ಎಲ್ಲದಕ್ಕೂ ಅಲ್ಲ. ಪೈಥಾನ್ 2 ಕಲಿತು 3ಕ್ಕೆ ಬರುತ್ತೀನಿ ಅನ್ನಬೇಡಿ. 2020ರ ಜನವರಿ 1ಕ್ಕೆ ಪೈಥಾನ್ 2ರ ಕತೆ ಮುಗಿದಿದೆ. ಆಂಡ್ರಾಯ್ಡ್ ಆ್ಯಪ್ ಮಾಡಬೇಕಾದರೆ ಜಾವಾ ಕಾಯುತ್ತಾ ಕೂರದೆ ಕೋಟ್ಲಿನ್ ಶುರು ಮಾಡಿ. ಗೂಗಲ್ 2019ರಿಂದ ಕೋಟ್ಲಿನ್‌ಗೇ ಮೊದಲ ಜಾಗ ಕೊಟ್ಟಿದೆ. ಹಳೇ ಕೋಡ್ ಓದುವಷ್ಟು ಜಾವಾ ಆಮೇಲೆ ಬರುತ್ತದೆ.

ಟೈಪ್‌ಸ್ಕ್ರಿಪ್ಟ್‌ಗೆ ಮಾತ್ರ ನನ್ನ ಉತ್ತರ ಬೇರೆ. ಜಾವಾಸ್ಕ್ರಿಪ್ಟ್ ಮೊದಲು ಕಲಿಯಿರಿ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಏನೇ ಬರೆದರೂ ಕೊನೆಗೆ ಬ್ರೌಸರ್‌ನಲ್ಲಿ ಓಡುವುದು ಜಾವಾಸ್ಕ್ರಿಪ್ಟೇ. ಹಳೆಯದು ಕೆಳಗೆ ಇನ್ನೂ ಓಡುತ್ತಿದ್ದರೆ ಅದು ಗೊತ್ತಿರಬೇಕು. ಸಿ++ ಪ್ರೋಗ್ರಾಂ ಹಾಗಲ್ಲ, ಅದು ನೇರವಾಗಿ ಮೆಷಿನ್ ಕೋಡ್ ಆಗುತ್ತದೆ, ನಡುವೆ ಸಿ ಬರುವುದಿಲ್ಲ.

ಎರಡೂ ಬಿಟ್ಟು ರಸ್ಟ್ ಅನ್ನುವ ಹೊಸ ಭಾಷೆ ಕಲಿತರೆ?

ಕಲಿಯಿರಿ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲ್‌ಗೂ ರಸ್ಟ್ ಕಾಲಿಟ್ಟಿದೆ. ಆದರೆ ಕ್ಯಾಂಪಸ್‌ಗೆ ಬರುವವರು ಕೇಳುವುದು ಈಗಲೂ ಸಿ, ಸಿ++, ಜಾವಾ, ಪೈಥಾನ್. ಮನೆ ಪರಿಸ್ಥಿತಿ ಕಷ್ಟ ಇದ್ದು ಬೇಗ ಕೆಲಸ ಬೇಕಾದವರು ಮೊದಲು ಕೇಳುವ ಭಾಷೆ ಕಲಿಯಿರಿ.

ಮೇಡಂ, ಮಗಳು ಪಿಯುಸಿ ಮುಗಿಸಿದ್ದಾಳೆ. ಕಾಲೇಜು ಶುರುವಾಗೋಕೆ ಎರಡು ತಿಂಗಳಿದೆ. ಸಿ ಟ್ಯೂಷನ್‌ಗೆ ಹಾಕಲಾ?

ದುಡ್ಡು ಕೊಟ್ಟು ಈಗಲೇ ಹಾಕಬೇಡಿ. ಹಳೇ ಲ್ಯಾಪ್‌ಟಾಪ್ ಒಂದಿದ್ದರೆ ಜಿಸಿಸಿ ಹಾಕಿಕೊಡಿ. ದಿನಕ್ಕೆ ಒಂದು ಗಂಟೆ ಸಾಕು. ಮೊದಲ ವಾರ ಹೆಸರು ಕೇಳಿ ನಮಸ್ಕಾರ ಹೇಳುವುದು, ಕೂಡು ಕಳೆ. ಆಮೇಲೆ ಇಫ್, ಲೂಪ್. ಮೂರನೇ ವಾರ ಸ್ಟ್ರಿಂಗ್, ವೆಕ್ಟರ್. ಎರಡನೇ ತಿಂಗಳು ಫಂಕ್ಷನ್ ಬರೆಯುವುದು, ಫೈಲಿನಿಂದ ಓದುವುದು. ಮನೆಯ ಲೆಕ್ಕ ಯಾವುದಾದರೂ ಇದ್ದರೆ ಅದನ್ನೇ ಕೊಡಿ. ಹಾಲಿನ ಲೆಕ್ಕ, ಕೊಬ್ಬರಿ ಮಾರಿದ ಲೆಕ್ಕ, ಏನಾದರೂ ಸರಿ. ತನ್ನ ಮನೆಯ ಲೆಕ್ಕ ಆದರೆ ಉತ್ತರ ತಪ್ಪಿದ ಕೂಡಲೇ ಅವಳಿಗೇ ಗೊತ್ತಾಗುತ್ತದೆ.

ಎಷ್ಟು ಬಂತು ಅಂತ ನೋಡಬೇಕಾ? ನಮ್ಮ ಜಿಲ್ಲೆಯ 10 ತಾಲ್ಲೂಕಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಯಾವ ಕ್ರಮದಲ್ಲಾದರೂ ಟೈಪ್ ಮಾಡಿಸಿ. ಪ್ರೋಗ್ರಾಂ ಅವನ್ನು ವೆಕ್ಟರ್‌ಗೆ ಹಾಕಿ, ಸಾರ್ಟ್ ಮಾಡಿ, ಒಂದರ ಕೆಳಗೆ ಒಂದು ಬರೆಯಬೇಕು. ಮೊದಲು ಚಿಕ್ಕನಾಯಕನಹಳ್ಳಿ, ಕೊನೆಗೆ ತುರುವೇಕೆರೆ, ಅದರ ಮೇಲಿನ ಸಾಲಿನಲ್ಲಿ ತುಮಕೂರು ಬಂದರೆ ಕರೆದುಕೊಂಡು ಬನ್ನಿ. ಭಾನುವಾರ ಒಂಬತ್ತಕ್ಕೆ ಮಹಡಿ ಬಾಗಿಲು ತೆಗೆದಿರುತ್ತೇನೆ.